ಒಂಟಿ ಪದರದ ಕಾಂತತ್ವ: ಕ್ಯೂರಿ ತಾಪಮಾನ ಹೇಳದೆ ಬಿಡುವ ಸಂಗತಿಗಳು

ಕೆಲವೇ ಪರಮಾಣುಗಳಷ್ಟು ದಪ್ಪದ ಕಾಂತೀಯ ಪದಾರ್ಥಗಳ ಬಗ್ಗೆ ಬರುವ ವರದಿಗಳಲ್ಲಿ ಒಂದು ಸಂಖ್ಯೆ ಉಳಿದೆಲ್ಲವನ್ನೂ ಹಿಂದಿಕ್ಕಿ ನಿಲ್ಲುತ್ತದೆ. ಅದು ಕ್ಯೂರಿ ತಾಪಮಾನ. ಆ ಗಡಿಯನ್ನು ದಾಟಿದ ಮೇಲೆ ಪದಾರ್ಥ ತಾನಾಗಿ ಕಾಂತವಾಗಿ ಉಳಿಯಲಾರದು. 2017ರಲ್ಲಿ ಕ್ರೋಮಿಯಂ ಟ್ರೈ ಅಯೋಡೈಡ್ ಎಂಬ ಹರಳಿನ ಒಂಟಿ ಪದರ ಫೆರೋಕಾಂತೀಯವೆಂದು ಸಾಬೀತಾದಾಗ ಆ ಗಡಿ 45 ಕೆಲ್ವಿನ್, ಅಂದರೆ ಸೊನ್ನೆಗಿಂತ 228 ಡಿಗ್ರಿ ಸೆಲ್ಸಿಯಸ್ ಕೆಳಗೆ ಇತ್ತು. 2022ರಲ್ಲಿ ಕಬ್ಬಿಣ, ಗ್ಯಾಲಿಯಂ ಮತ್ತು ಟೆಲ್ಯುರಿಯಂಗಳ ಪದರರೂಪಿ ಸಂಯುಕ್ತವೊಂದಕ್ಕೆ 350ರಿಂದ 380 ಕೆಲ್ವಿನ್ ಎಂಬ ಅಳತೆ ಸಿಕ್ಕಿತು. ಕೋಣೆಯ ತಾಪಮಾನ ಸುಮಾರು 300 ಕೆಲ್ವಿನ್ ಆದ್ದರಿಂದ, ಐದು ವರ್ಷಗಳಲ್ಲಿ ಎಂಟು ಪಟ್ಟು ಮೇಲೇರಿ ಗುರಿಯನ್ನೇ ದಾಟಿಬಿಟ್ಟೆವು ಎಂದು ಓದಲು ಮನಸ್ಸಾಗುತ್ತದೆ. ಆದರೆ ಮೊದಲನೆಯದು ಒಂದೇ ಪದರದ ಅಳತೆ, ಎರಡನೆಯದು ಲೆಕ್ಕವಿಲ್ಲದಷ್ಟು ಪದರಗಳಿರುವ ದಪ್ಪ ಹರಳಿನ ಅಳತೆ. ಮೊದಲನೆಯದರಲ್ಲಿ ವಿದ್ಯುತ್ ಸುಲಭವಾಗಿ ಹರಿಯದು, ಎರಡನೆಯದು ಲೋಹ. ಎರಡನ್ನೂ ಒಂದೇ ಗೆರೆಯ ಮೇಲಿಟ್ಟು ಹೋಲಿಸಿದರೆ ಈ ಕ್ಷೇತ್ರದಲ್ಲಿ ನಿಜಕ್ಕೂ ಏನು ನಡೆದಿದೆ ಎಂಬುದೇ ಮರೆಯಾಗುತ್ತದೆ.

ಈ ಪದಾರ್ಥಗಳ ಬೆಲೆ ಅವು ಎಷ್ಟು ಬಿಸಿಯವರೆಗೆ ಕಾಂತವಾಗಿರುತ್ತವೆ ಎಂಬುದರಲ್ಲಿ ಅಷ್ಟಾಗಿ ಇಲ್ಲ. ದಪ್ಪ ಕಾಂತಗಳಲ್ಲಿ ಹರಳು ರೂಪುಗೊಂಡಾಗಲೇ ನಿಗದಿಯಾಗಿಬಿಡುವ ಗುಣಗಳನ್ನು ಇವುಗಳಲ್ಲಿ ಹೊರಗಿನಿಂದ, ಬೇಕೆಂದಾಗ, ಬದಲಿಸಬಹುದು ಎಂಬುದರಲ್ಲಿದೆ ಎಂದು ನಾನು ಭಾವಿಸುತ್ತೇನೆ. ಅದನ್ನು ವಿವರಿಸಬೇಕಾದರೆ ಇಷ್ಟು ತೆಳುವಾದ ಪದರದಲ್ಲಿ ಕಾಂತತ್ವ ಇರುವುದೇ ಏಕೆ ಅಚ್ಚರಿಯ ಸಂಗತಿ ಎಂಬಲ್ಲಿಂದ ಆರಂಭಿಸಬೇಕಾಗುತ್ತದೆ.

ಕಾಂತತ್ವಕ್ಕೆ ಮೂಲ ಎಲೆಕ್ಟ್ರಾನುಗಳ ಸ್ಪಿನ್, ಅಂದರೆ ಪ್ರತಿ ಎಲೆಕ್ಟ್ರಾನನ್ನೂ ಪುಟ್ಟ ಕಾಂತವಾಗಿಸುವ ಗುಣ. ಪ್ರತಿ ಸ್ಪಿನ್‌ಗೂ ಒಂದು ದಿಕ್ಕಿದೆ. ಅಕ್ಕಪಕ್ಕದ ಪರಮಾಣುಗಳ ಸ್ಪಿನ್‌ಗಳು ಒಂದೇ ದಿಕ್ಕಿಗೆ ಸಾಲುಗೂಡಿದರೆ ಪದಾರ್ಥ ಫೆರೋಕಾಂತೀಯವಾಗುತ್ತದೆ, ಒಂದಕ್ಕೊಂದು ಎದುರು ದಿಕ್ಕಿಗೆ ನಿಂತು ಪರಸ್ಪರ ರದ್ದಾದರೆ ಆಂಟಿಫೆರೋಕಾಂತೀಯವಾಗುತ್ತದೆ. ಅವುಗಳನ್ನು ಹೀಗೆ ಸಾಲುಗೂಡಿಸುವ ಬಲ ಒಂದು ಸಣ್ಣ ಕಾಂತ ಮತ್ತೊಂದನ್ನು ಸೆಳೆಯುವ ಬಲವಲ್ಲ, ಅದು ತೀರಾ ದುರ್ಬಲ. ಎಲೆಕ್ಟ್ರಾನುಗಳ ನಡುವಿನ ವಿದ್ಯುತ್ ವಿಕರ್ಷಣೆಯೂ ಕ್ವಾಂಟಮ್ ನಿಯಮಗಳೂ ಸೇರಿ ಹುಟ್ಟಿಸುವ ವಿನಿಮಯ ಅಂತಃಕ್ರಿಯೆ ಈ ಕೆಲಸವನ್ನು ಮಾಡುತ್ತದೆ. ಕ್ರೋಮಿಯಂ ಟ್ರೈ ಅಯೋಡೈಡಿನಲ್ಲಿ ಎರಡು ಕ್ರೋಮಿಯಂ ಅಯಾನುಗಳು ನೇರವಾಗಿ ವ್ಯವಹರಿಸುವುದಕ್ಕಿಂತ ಹೆಚ್ಚಾಗಿ ನಡುವಿನ ಅಯೋಡಿನ್ ಮೂಲಕ ವ್ಯವಹರಿಸುತ್ತವೆ. ಕ್ರೋಮಿಯಂ, ಅಯೋಡಿನ್, ಕ್ರೋಮಿಯಂಗಳ ನಡುವಿನ ಕೋನ 90 ಡಿಗ್ರಿಯ ಆಸುಪಾಸಿನಲ್ಲಿರುವುದರಿಂದ ಈ ಪರೋಕ್ಷ ವಿನಿಮಯ ಫೆರೋಕಾಂತೀಯವಾಗುತ್ತದೆ.

ವಿನಿಮಯ ಅಂತಃಕ್ರಿಯೆ ಅಕ್ಕಪಕ್ಕದ ಸ್ಪಿನ್‌ಗಳು ಹೇಗಿರಬೇಕೆಂದು ಹೇಳುತ್ತದೆಯೇ ಹೊರತು ಅವೆಲ್ಲ ಸೇರಿ ಆಕಾಶದ ಯಾವ ದಿಕ್ಕಿಗೆ ತಿರುಗಬೇಕೆಂದು ಹೇಳುವುದಿಲ್ಲ. ಹೀಗಾಗಿ ಸ್ಪಿನ್‌ಗಳ ದಿಕ್ಕು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಹಳ ನಿಧಾನವಾಗಿ ಓರೆಯಾಗುತ್ತ ಹೋಗುವ ಉದ್ದನೆಯ ಸ್ಪಿನ್ ಅಲೆಗಳನ್ನು ಎಬ್ಬಿಸಲು ಶಕ್ತಿಯೇ ಬೇಕಾಗುವುದಿಲ್ಲ ಎನ್ನುವಷ್ಟು ಕಡಿಮೆ ಖರ್ಚು. ಮೂರು ಆಯಾಮದ ಹರಳಿನಲ್ಲಿ ಇಂಥ ಅಗ್ಗದ ಅಲೆಗಳ ಸಂಖ್ಯೆ ಕಡಿಮೆ, ಆದ್ದರಿಂದ ಶಾಖ ಅವುಗಳನ್ನು ಎಬ್ಬಿಸಿದರೂ ಒಟ್ಟು ಸಾಲು ಕೆಡುವುದಿಲ್ಲ. ಎರಡು ಆಯಾಮದಲ್ಲಿ ಲೆಕ್ಕ ಬದಲಾಗುತ್ತದೆ. ಅತಿ ಕಡಿಮೆ ಶಕ್ತಿಯ ಅಲೆಗಳ ಕೊಡುಗೆಯನ್ನು ಕೂಡಿಸುತ್ತ ಹೋದರೆ ಮೊತ್ತಕ್ಕೆ ಮಿತಿಯೇ ಇರುವುದಿಲ್ಲ. ಸೊನ್ನೆ ಕೆಲ್ವಿನ್‌ಗಿಂತ ಸ್ವಲ್ಪ ಮೇಲಿದ್ದರೂ ಅಲೆಗಳು ಇಡೀ ಸಾಲನ್ನು ಅಳಿಸಿಹಾಕುತ್ತವೆ. 1966ರಲ್ಲಿ ಡೇವಿಡ್ ಮರ್ಮಿನ್ ಮತ್ತು ಹರ್ಬರ್ಟ್ ವ್ಯಾಗ್ನರ್ ಇದನ್ನು ಗಣಿತದ ಕಟ್ಟುನಿಟ್ಟಿನಲ್ಲಿ ಸಾಧಿಸಿದರು. ಎಲ್ಲ ದಿಕ್ಕುಗಳೂ ಸಮಾನವಾಗಿರುವ, ಹತ್ತಿರದ ನೆರೆಗಳಷ್ಟೇ ಒಂದನ್ನೊಂದು ಪ್ರಭಾವಿಸುವ ಎರಡು ಆಯಾಮದ ವ್ಯವಸ್ಥೆಯಲ್ಲಿ ತಾನಾಗಿ ಮೂಡುವ ದೀರ್ಘವ್ಯಾಪ್ತಿಯ ಕಾಂತೀಯ ಕ್ರಮ ಇರಲಾರದು ಎಂಬುದು ಅವರ ಪ್ರಮೇಯದ ಸಾರ.

ಈ ಪ್ರಮೇಯವನ್ನು ಎಷ್ಟೋ ಸಲ ‘ಎರಡು ಆಯಾಮದಲ್ಲಿ ಕಾಂತತ್ವ ಅಸಾಧ್ಯ’ ಎಂದು ಚುಟುಕಾಗಿ ಹೇಳಿ, 2017ರ ಪ್ರಯೋಗಗಳು ಅದನ್ನು ಸುಳ್ಳಾಗಿಸಿದವು ಎಂದು ಸೇರಿಸುವುದುಂಟು. ಎರಡೂ ಮಾತು ತಪ್ಪು. ‘ಎಲ್ಲ ದಿಕ್ಕುಗಳೂ ಸಮಾನವಾಗಿದ್ದರೆ’ ಎಂಬ ಷರತ್ತಿನಲ್ಲೇ ಪ್ರಮೇಯದ ಜೀವ ಇದೆ. ಸ್ಪಿನ್‌ಗಳು ಮೇಲೆ ಅಥವಾ ಕೆಳಗೆ ಎಂಬ ಎರಡೇ ದಿಕ್ಕುಗಳನ್ನು ಹಿಡಿಯಬಲ್ಲ ಮಾದರಿಯಲ್ಲಿ ಎರಡು ಆಯಾಮದಲ್ಲೂ ಕಾಂತೀಯ ಕ್ರಮ ಉಳಿಯುತ್ತದೆ ಎಂಬುದನ್ನು ಲಾರ್ಸ್ ಆನ್‌ಸಾಗರ್ 1944ರಲ್ಲೇ, ಅಂದರೆ ಆ ಪ್ರಮೇಯಕ್ಕೂ 22 ವರ್ಷ ಮುಂಚೆ, ನಿಖರವಾಗಿ ಲೆಕ್ಕ ಹಾಕಿ ತೋರಿಸಿದ್ದರು. ನಿಜವಾದ ಹರಳುಗಳು ಈ ಎರಡು ಮಾದರಿಗಳ ನಡುವೆ ಎಲ್ಲೋ ಇರುತ್ತವೆ. ಹರಳಿನ ರಚನೆಯಿಂದಾಗಿ ಸ್ಪಿನ್‌ಗಳಿಗೆ ಒಂದು ದಿಕ್ಕಿನ ಮೇಲೆ ಒಲವಿದ್ದರೆ, ಅವುಗಳನ್ನು ಅಲ್ಲಿಂದ ಅಲುಗಿಸಲು ಕನಿಷ್ಠ ಇಷ್ಟು ಶಕ್ತಿ ಬೇಕೇ ಬೇಕು ಎಂಬ ಹೊಸ್ತಿಲು ಏರ್ಪಡುತ್ತದೆ. ಅಗ್ಗದ ಅಲೆಗಳು ಅಲ್ಲಿಗೆ ನಿಲ್ಲುತ್ತವೆ. ಈ ಒಲವನ್ನು ಅನೈಸೊಟ್ರಪಿ ಎನ್ನುತ್ತಾರೆ.

ಅನೈಸೊಟ್ರಪಿ ದೊಡ್ಡದಾಗಿರಬೇಕಾಗಿಲ್ಲ ಎಂಬುದು ಇಲ್ಲಿನ ಸೂಕ್ಷ್ಮ. ಮಿತಿಯಿಲ್ಲದೆ ಬೆಳೆಯುವ ಆ ಮೊತ್ತ ಲಾಗರಿದಮ್‌ನ ಗತಿಯಲ್ಲಿ, ಬಹಳ ನಿಧಾನವಾಗಿ ಬೆಳೆಯುವುದರಿಂದ, ಅದನ್ನು ತಡೆಯಲು ಸಣ್ಣ ಹೊಸ್ತಿಲೂ ಸಾಕು. ಒಂದು ಪದರ ಎಷ್ಟು ತಾಪಮಾನದವರೆಗೆ ಕಾಂತವಾಗಿರುತ್ತದೆ ಎಂಬುದನ್ನು ಮುಖ್ಯವಾಗಿ ವಿನಿಮಯದ ಬಲ ತೀರ್ಮಾನಿಸುತ್ತದೆ. ಕಾಂತತ್ವ ಇರುತ್ತದೆಯೋ ಇಲ್ಲವೋ ಎಂಬುದನ್ನು ಅನೈಸೊಟ್ರಪಿ ತೀರ್ಮಾನಿಸುತ್ತದೆ. ಕ್ರೋಮಿಯಂ ಟ್ರೈ ಅಯೋಡೈಡಿನಲ್ಲಿ ಈ ಒಲವಿನ ಮೂಲ ಕ್ರೋಮಿಯಂ ಅಲ್ಲ, ಭಾರವಾದ ಅಯೋಡಿನ್. ಭಾರದ ಪರಮಾಣುಗಳಲ್ಲಿ ಎಲೆಕ್ಟ್ರಾನಿನ ಸ್ಪಿನ್‌ಗೂ ಅದರ ಕಕ್ಷೆಗೂ ನಡುವಿನ ಬಂಧ ಬಲವಾಗಿರುತ್ತದೆ, ಆ ಮೂಲಕ ಹರಳಿನ ರಚನೆ ಸ್ಪಿನ್‌ಗೆ ದಿಕ್ಕು ತೋರಿಸುತ್ತದೆ. ಕಾಂತೀಯವಲ್ಲದ ಧಾತುವೊಂದು ಪದರದ ಕಾಂತತ್ವವನ್ನು ಹೀಗೆ ಕಾಪಾಡುವುದು ನನ್ನ ಮಟ್ಟಿಗೆ ಈ ವಿಷಯದ ಅತ್ಯಂತ ಸೊಗಸಾದ ಅಂಶಗಳಲ್ಲಿ ಒಂದು.

ತೆಳು ಕಾಂತಗಳು 2017ರಲ್ಲಿ ಮೊದಲ ಬಾರಿಗೆ ಬಂದವೇನೂ ಅಲ್ಲ. ಕಬ್ಬಿಣ, ಕೋಬಾಲ್ಟ್‌ಗಳ ಒಂದೆರಡು ಪರಮಾಣು ದಪ್ಪದ ಪೊರೆಗಳನ್ನು ಬೇರೆ ಲೋಹದ ಹರಳಿನ ಮೇಲೆ ಬೆಳೆಸಿ ಅಧ್ಯಯನ ಮಾಡುವುದು ದಶಕಗಳಷ್ಟು ಹಳೆಯದು. ಆಲ್ಬರ್ಟ್ ಫೆರ್ಟ್ ಮತ್ತು ಪೀಟರ್ ಗ್ರೂನ್‌ಬರ್ಗ್ ಅವರಿಗೆ 2007ರ ನೊಬೆಲ್ ತಂದ, 1988ರಲ್ಲಿ ಪತ್ತೆಯಾದ ದೈತ್ಯ ಕಾಂತರೋಧ ಪರಿಣಾಮವೂ (ಕಾಂತಕ್ಷೇತ್ರದಿಂದ ವಿದ್ಯುತ್ ರೋಧ ಬಹಳವಾಗಿ ಬದಲಾಗುವುದು) ನ್ಯಾನೊಮೀಟರ್ ದಪ್ಪದ ಪೊರೆಗಳ ಕೊಡುಗೆಯೇ. ಆದರೆ ಅಂಥ ಪೊರೆಯ ಪರಮಾಣುಗಳು ಕೆಳಗಿನ ಲೋಹದೊಂದಿಗೆ ರಾಸಾಯನಿಕವಾಗಿ ಬೆಸೆದುಕೊಂಡಿರುತ್ತವೆ; ಅಲ್ಲಿ ಕಾಣುವ ಗುಣ ಪೊರೆಯದೆಷ್ಟು, ಅಡಿಯದೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಹೊಸ ಪದಾರ್ಥಗಳಲ್ಲಿ ಪದರದೊಳಗಿನ ಬಂಧಗಳು ಗಟ್ಟಿ, ಪದರಗಳ ನಡುವೆ ಇರುವುದು ದುರ್ಬಲವಾದ ವ್ಯಾನ್ ಡರ್ ವಾಲ್ಸ್ ಸೆಳೆತ ಮಾತ್ರ. 2004ರಲ್ಲಿ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಾಂಟಿನ್ ನೊವೊಸೆಲೊವ್ ಗ್ರಾಫೈಟಿನಿಂದ ಅಂಟುಪಟ್ಟಿಯಲ್ಲಿ ಇಂಗಾಲದ ಒಂಟಿ ಪದರವಾದ ಗ್ರಾಫೀನ್ ಬಿಡಿಸಿದ ವಿಧಾನದಲ್ಲೇ ಇವುಗಳನ್ನೂ ಒಂದೊಂದು ಪದರವಾಗಿ ಬಿಡಿಸಬಹುದು. ಬಿಡಿಸಿದ ಪದರದ ಮೇಲ್ಮೈಯಲ್ಲಿ ತುಂಡಾದ ಬಂಧಗಳು ಇರುವುದಿಲ್ಲ, ಅದನ್ನು ಬೇರಾವುದೋ ಹರಳಿನ ಪದರದ ಮೇಲೆ ಯಾವ ಕೋನದಲ್ಲಿ ಬೇಕಾದರೂ ಇರಿಸಬಹುದು. ಮುಂದೆ ಹೇಳುವ ಬಹುಪಾಲು ಸಂಗತಿಗಳು ಈ ಸ್ವಾತಂತ್ರ್ಯದಿಂದಲೇ ಸಾಧ್ಯವಾದವು.

2016ರಲ್ಲಿ ಕಬ್ಬಿಣ, ರಂಜಕ, ಗಂಧಕಗಳ ಸಂಯುಕ್ತವೊಂದರ ಒಂಟಿ ಪದರದಲ್ಲಿ ಆಂಟಿಫೆರೋಕಾಂತೀಯ ಕ್ರಮ ಸುಮಾರು 118 ಕೆಲ್ವಿನ್‌ವರೆಗೆ ಉಳಿಯುವುದು ಗೊತ್ತಾಯಿತು. ನಿವ್ವಳ ಕಾಂತತ್ವ ಸೊನ್ನೆಯಾದ್ದರಿಂದ ಅದನ್ನು ನೇರವಾಗಿ ಅಳೆಯಲಾಗದೆ, ರಾಮನ್ ಚದುರಿಕೆಯಲ್ಲಿ, ಅಂದರೆ ಪದಾರ್ಥದಿಂದ ಚದುರಿದ ಬೆಳಕಿನ ಬಣ್ಣದಲ್ಲಿ, ಕಾಣುವ ಬದಲಾವಣೆಗಳಿಂದ ಊಹಿಸಬೇಕಾಯಿತು. ಮರುವರ್ಷದ ಜೂನ್‌ನಲ್ಲಿ ಎರಡು ತಂಡಗಳು ಫೆರೋಕಾಂತೀಯ ಪದರಗಳನ್ನು ವರದಿ ಮಾಡಿದವು: ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಿಯಾಡಾಂಗ್ ಶು ಮತ್ತು ಎಂಐಟಿಯ ಪಾಬ್ಲೊ ಹರಿಯೊ ಎರೆರೊ ಅವರ ತಂಡ ಕ್ರೋಮಿಯಂ ಟ್ರೈ ಅಯೋಡೈಡಿನಲ್ಲಿ, ಬರ್ಕ್ಲಿಯ ಶಿಯಾಂಗ್ ಜಾಂಗ್ ಅವರ ತಂಡ ಕ್ರೋಮಿಯಂ ಜರ್ಮೇನಿಯಂ ಟೆಲ್ಯುರೈಡಿನಲ್ಲಿ. ಎರಡನೆಯದರಲ್ಲಿ ಅನೈಸೊಟ್ರಪಿ ತೀರಾ ಕಡಿಮೆ. ಆದ್ದರಿಂದ ದಪ್ಪ ಹರಳಿನಲ್ಲಿ 68 ಕೆಲ್ವಿನ್ ಇದ್ದ ಕ್ಯೂರಿ ತಾಪಮಾನ ಎರಡು ಪದರಕ್ಕೆ ಇಳಿದಾಗ ಸುಮಾರು 30 ಕೆಲ್ವಿನ್‌ಗೆ ಕುಸಿಯಿತು, 0.3 ಟೆಸ್ಲಾಕ್ಕಿಂತ ಕಡಿಮೆ ಕಾಂತಕ್ಷೇತ್ರವನ್ನು ಹೊರಗಿನಿಂದ ಒಡ್ಡಿದರೂ ಆ ತಾಪಮಾನ ಗಮನಾರ್ಹವಾಗಿ ಸರಿಯಿತು. ದಪ್ಪ ಕಾಂತದಲ್ಲಿ ಇಷ್ಟು ಸಣ್ಣ ಕ್ಷೇತ್ರದಿಂದ ಹೀಗಾಗುವುದಿಲ್ಲ. ಕ್ರೋಮಿಯಂ ಟ್ರೈ ಅಯೋಡೈಡಿನ ಒಲವು ಇದಕ್ಕಿಂತ ಬಲವಾದದ್ದು. ಹಾಗಾಗಿ ದಪ್ಪ ಹರಳಿನ 61 ಕೆಲ್ವಿನ್ ಒಂಟಿ ಪದರದಲ್ಲಿ 45ಕ್ಕೆ ಮಾತ್ರ ಇಳಿಯುತ್ತದೆ.

ಕ್ರೋಮಿಯಂ ಟ್ರೈ ಅಯೋಡೈಡಿನ ಕತೆ ಅಲ್ಲಿಗೆ ಮುಗಿದಿದ್ದರೆ ಅದು ಒಂದು ಒಳ್ಳೆಯ ದೃಢೀಕರಣವಷ್ಟೇ ಆಗುತ್ತಿತ್ತು. ಎರಡು ಪದರಗಳ ಮಾದರಿಯನ್ನು ನೋಡಿದಾಗ ಅಲ್ಲಿ ಕಾಂತತ್ವವೇ ಕಾಣಲಿಲ್ಲ. ಪ್ರತಿ ಪದರವೂ ತನ್ನೊಳಗೆ ಫೆರೋಕಾಂತೀಯವಾಗಿಯೇ ಇದ್ದರೂ ಎರಡು ಪದರಗಳು ಪರಸ್ಪರ ಎದುರು ದಿಕ್ಕಿಗೆ ನಿಂತಿದ್ದವು. ಹೊರಗಿನ ಕ್ಷೇತ್ರ ಸುಮಾರು 0.65 ಟೆಸ್ಲಾ ತಲುಪಿದಾಗ ಎರಡೂ ಥಟ್ಟನೆ ಒಂದೇ ದಿಕ್ಕಿಗೆ ತಿರುಗಿದವು. ಮೂರು ಪದರಗಳಲ್ಲಿ ಮತ್ತೆ ನಿವ್ವಳ ಕಾಂತತ್ವ. ದಪ್ಪ ಹರಳಿನಲ್ಲಾದರೋ ಪದರಗಳೆಲ್ಲ ಒಂದೇ ದಿಕ್ಕಿಗೆ ನಿಲ್ಲುತ್ತವೆ. ಒಂದೇ ಪದಾರ್ಥ ತೆಳುವಾದಾಗ ಪದರಗಳ ನಡುವಿನ ಸಂಬಂಧ ಹೀಗೆ ತಲೆಕೆಳಗಾಗುವುದು ಏಕೆಂಬುದು ಬಹುಕಾಲ ಬಿಡಿಸದ ಒಗಟಾಗಿತ್ತು.

ಉತ್ತರ ಸಿಕ್ಕಿದ್ದು ಪದರಗಳ ಜೋಡಣೆಯಲ್ಲಿ. ದಪ್ಪ ಹರಳನ್ನು ತಣಿಸಿದಾಗ ಸುಮಾರು 210 ಕೆಲ್ವಿನ್ ಹತ್ತಿರ ಅದರ ಪದರಗಳು ಒಂದರ ಮೇಲೊಂದು ಪಕ್ಕಕ್ಕೆ ಜಾರಿ ಬೇರೊಂದು ಜೋಡಣೆಗೆ ಬರುತ್ತವೆ. ಆ ಜೋಡಣೆಯಲ್ಲಿ ಪದರಗಳ ನಡುವಿನ ವಿನಿಮಯ ಫೆರೋಕಾಂತೀಯ. ತೆಳು ಚೂರುಗಳಲ್ಲಿ ಈ ಜಾರುವಿಕೆ ನಡೆಯುವುದಿಲ್ಲ, ಕೋಣೆಯ ತಾಪಮಾನದ ಜೋಡಣೆಯೇ ತಣಿಸಿದ ಮೇಲೂ ಉಳಿಯುತ್ತದೆ, ಮತ್ತು ಆ ಜೋಡಣೆಯಲ್ಲಿ ವಿನಿಮಯದ ಚಿಹ್ನೆಯೇ ಬೇರೆ. 2019ರಲ್ಲಿ ಎರಡು ತಂಡಗಳು ಇದನ್ನು ನೇರವಾಗಿ ಪರೀಕ್ಷಿಸಿದವು. ತೆಳು ಚೂರುಗಳ ಮೇಲೆ ಸುಮಾರು 2 ಗಿಗಾಪ್ಯಾಸ್ಕಲ್, ಅಂದರೆ ವಾತಾವರಣದ ಒತ್ತಡದ ಸುಮಾರು 20 ಸಾವಿರ ಪಟ್ಟು ಒತ್ತಡ ಹಾಕಿದಾಗ ಪದರಗಳು ಜಾರಿ ಫೆರೋಕಾಂತೀಯ ಜೋಡಣೆಗೆ ಬಂದವು, ಒತ್ತಡ ತೆಗೆದ ಮೇಲೂ ಹಾಗೆಯೇ ಉಳಿದವು. ಪರಮಾಣುಗಳ ನಡುವಿನ ಅಂತರಕ್ಕಿಂತ ಚಿಕ್ಕದಾದ ಜಾರುವಿಕೆಯೊಂದು ಇಡೀ ಮಾದರಿಯ ಕಾಂತೀಯ ಸ್ವಭಾವವನ್ನು ಬದಲಿಸಬಲ್ಲದು ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ಕಡಿಮೆ.

ಎದುರು ದಿಕ್ಕಿಗೆ ನಿಂತ ಪದರಗಳಿಗೆ ಮತ್ತೊಂದು ಉಪಯೋಗವಿತ್ತು. ಗ್ರಾಫೀನ್ ಹಾಳೆಗಳ ನಡುವೆ ಕ್ರೋಮಿಯಂ ಟ್ರೈ ಅಯೋಡೈಡನ್ನು ಇರಿಸಿದರೆ ಎಲೆಕ್ಟ್ರಾನುಗಳು ಅದರ ಮೂಲಕ ಕ್ವಾಂಟಮ್ ಸುರಂಗ ಪರಿಣಾಮದಿಂದ, ಅಂದರೆ ಏರಿ ದಾಟಲಾಗದ ತಡೆಯನ್ನು ತೂರಿ, ದಾಟುತ್ತವೆ. ಪದರಗಳು ಪರಸ್ಪರ ವಿರುದ್ಧವಾಗಿದ್ದಾಗ ದಾಟುವುದು ಕಷ್ಟ, ಒಂದೇ ದಿಕ್ಕಿಗಿದ್ದಾಗ ಸುಲಭ. 2018ರಲ್ಲಿ ನಾಲ್ಕು ಪದರಗಳ ಮಾದರಿಯಲ್ಲಿ ಈ ಎರಡು ಸ್ಥಿತಿಗಳ ರೋಧದ ವ್ಯತ್ಯಾಸ ಅತಿ ತಂಪಿನಲ್ಲಿ ಶೇ. 19,000 ತಲುಪಿತು. ಅದೇ ವರ್ಷ ಎರಡು ಪದರಗಳ ಮಾದರಿಯನ್ನು ವೋಲ್ಟೇಜ್ ಒಡ್ಡುವ ವಿದ್ಯುತ್ ದ್ವಾರಗಳ (ಗೇಟ್) ನಡುವೆ ಇರಿಸಿ, ಸ್ಥಿರವಾದ ಕಾಂತಕ್ಷೇತ್ರದಲ್ಲಿ ಬರೀ ವೋಲ್ಟೇಜಿನಿಂದ ಅದನ್ನು ಆಂಟಿಫೆರೋಕಾಂತೀಯ ಸ್ಥಿತಿಯಿಂದ ಫೆರೋಕಾಂತೀಯಕ್ಕೆ ತಿರುಗಿಸಲಾಯಿತು. ದಪ್ಪ ಲೋಹದಲ್ಲಿ ಹೊರಗಿನ ವಿದ್ಯುತ್ ಕ್ಷೇತ್ರ ಮೇಲ್ಮೈಯ ಒಂದೆರಡು ಪರಮಾಣುಗಳಾಚೆಗೆ ಇಳಿಯುವುದೇ ಇಲ್ಲ. ಇಲ್ಲಿ ಪದಾರ್ಥವೆಲ್ಲ ಮೇಲ್ಮೈಯೇ ಆಗಿರುವುದರಿಂದ ವೋಲ್ಟೇಜ್ ಎಲ್ಲ ಪರಮಾಣುಗಳನ್ನೂ ತಲುಪುತ್ತದೆ.

ಇಷ್ಟು ತೆಳುವಾದ ವಸ್ತುವಿನ ಕಾಂತತ್ವವನ್ನು ಅಳೆಯುವುದು ಹೇಗೆ ಎಂಬ ಪ್ರಶ್ನೆಗೆ ಸಾಮಾನ್ಯ ಓದುಗರಿಗಾಗಿ ಬರೆದ ಲೇಖನಗಳಲ್ಲಿ ಜಾಗ ಸಿಗುವುದು ಕಡಿಮೆ, ಆದರೆ ಯಾವ ಘೋಷಣೆಯನ್ನು ನಂಬಬೇಕೆಂಬುದು ಅದರ ಮೇಲೆಯೇ ನಿಂತಿದೆ. ಉದ್ದ ಅಗಲ ತಲಾ 10 ಮೈಕ್ರೋಮೀಟರ್ ಇರುವ ಕ್ರೋಮಿಯಂ ಟ್ರೈ ಅಯೋಡೈಡಿನ ಒಂಟಿ ಪದರವನ್ನು ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು 50 ಕೋಟಿ ಕ್ರೋಮಿಯಂ ಅಯಾನುಗಳಿರುತ್ತವೆ. ಪ್ರತಿಯೊಂದರಲ್ಲೂ ಮೂರು ಜೋಡಿಯಿಲ್ಲದ ಎಲೆಕ್ಟ್ರಾನುಗಳಿದ್ದು ಅವೆಲ್ಲ ಒಂದೇ ದಿಕ್ಕಿಗೆ ನಿಂತರೂ ಒಟ್ಟು ಕಾಂತೀಯ ಮೊಮೆಂಟ್, ಅಂದರೆ ಅದು ಒಟ್ಟಾರೆ ಎಷ್ಟು ದೊಡ್ಡ ಕಾಂತ ಎಂಬ ಅಳತೆ, ಪ್ರಯೋಗಾಲಯಗಳಲ್ಲಿ ವಾಡಿಕೆಯಾಗಿರುವ ಸ್ಕ್ವಿಡ್ ಎಂಬ ಸೂಕ್ಷ್ಮ ಕಾಂತಮಾಪಕದ ಸಂವೇದನೆಗಿಂತ ಸಾವಿರ ಪಟ್ಟಿನ ಆಸುಪಾಸಿನಷ್ಟು ಕಡಿಮೆ. ಇನ್ನೊಂದು ಕಡೆ, ಬದಿಗೆ ಒಂದು ಮೈಕ್ರೋಮೀಟರಿನ ಕಬ್ಬಿಣದ ಕಣವೊಂದು ಈ ಪದರದ ನೂರು ಪಟ್ಟು ಮೊಮೆಂಟ್ ಹೊತ್ತಿರುತ್ತದೆ. ಉಕ್ಕಿನ ಚಿಮುಟದಿಂದ ಅಂಥ ಕಣಗಳು ಮಾದರಿಗೆ ಅಂಟಿಕೊಳ್ಳುವುದು ಕಷ್ಟವೇನಲ್ಲ. ಹೀಗಾಗಿ ಪುಡಿಯ ರೂಪದ ಅಥವಾ ದ್ರಾವಣದಲ್ಲಿ ತಯಾರಿಸಿದ ನ್ಯಾನೊ ಪದರಗಳ ದೊಡ್ಡ ಗುಪ್ಪೆಯನ್ನು ಸ್ಕ್ವಿಡ್‌ನಲ್ಲಿಟ್ಟು, ಕೋಣೆಯ ತಾಪಮಾನದಲ್ಲೂ ಸಣ್ಣದೊಂದು ಫೆರೋಕಾಂತೀಯ ಸಂಕೇತ ಬಂತೆಂದು ಹೇಳುವ ವರದಿಯನ್ನು ನಾನು ಬಹಳ ಎಚ್ಚರದಿಂದ ಓದುತ್ತೇನೆ.

ಗ್ರಾಫೀನ್ ಮತ್ತು ಗ್ರಾಫೈಟಿನ ಇತಿಹಾಸ ಈ ಎಚ್ಚರ ಏಕೆ ಬೇಕೆಂದು ಹೇಳುತ್ತದೆ. ಇಂಗಾಲದ ಈ ರೂಪಗಳು ಸ್ವಭಾವತಃ ಡಯಾಮ್ಯಾಗ್ನೆಟಿಕ್, ಅಂದರೆ ಹೊರಗಿನ ಕ್ಷೇತ್ರವನ್ನು ಮೆಲ್ಲಗೆ ದೂರ ತಳ್ಳುವಂಥವು. ಆದರೂ ಅವುಗಳಲ್ಲಿ ಕೋಣೆಯ ತಾಪಮಾನದ ಫೆರೋಕಾಂತತ್ವ ಕಂಡಿತೆಂಬ ಹೇಳಿಕೆಗಳು ವರ್ಷಗಟ್ಟಲೆ ಬಂದವು. ಮ್ಯಾಂಚೆಸ್ಟರ್‌ನ ಸಂಶೋಧಕರು 2010ರಲ್ಲಿ ಶುದ್ಧ ಗ್ರಾಫೀನ್ ಹರಳುಗಳನ್ನು 2 ಕೆಲ್ವಿನ್‌ವರೆಗೆ ತಣಿಸಿ ಅಳೆದಾಗ ಫೆರೋಕಾಂತತ್ವದ ಸುಳಿವೇ ಇರಲಿಲ್ಲ. ಕೃತಕ ಗ್ರಾಫೈಟಿನಲ್ಲಿ ಕಾಣುತ್ತಿದ್ದ ಸಂಕೇತಕ್ಕೆ ಅದರೊಳಗೆ ಸೇರಿದ್ದ ಕಾಂತೀಯ ಕಲ್ಮಶದ ಕಣಗಳೇ ಕಾರಣವೆಂದು 2012ರ ಅಧ್ಯಯನವೊಂದು ತೋರಿಸಿತು. ಗ್ರಾಫೀನಿನಿಂದ ಕೆಲವು ಇಂಗಾಲದ ಪರಮಾಣುಗಳನ್ನು ಹೊರಹಾಕಿದರೆ ಆ ಖಾಲಿ ಜಾಗಗಳಲ್ಲಿ ಬಿಡಿ ಸ್ಪಿನ್‌ಗಳು ಹುಟ್ಟುವುದು ನಿಜ, ಆದರೆ ಅವು ಒಂದಕ್ಕೊಂದು ಸಾಲುಗೂಡದೆ ಬಿಡಿಬಿಡಿಯಾಗಿಯೇ ಉಳಿಯುತ್ತವೆ.

ಇನ್ನೂ ಇತ್ತೀಚಿನದು ವೆನೇಡಿಯಂ ಡೈಸೆಲೆನೈಡಿನ ಪ್ರಕರಣ. ಅದರ ಒಂಟಿ ಪದರ ಕೋಣೆಯ ತಾಪಮಾನದಲ್ಲೂ ಬಲವಾದ ಫೆರೋಕಾಂತ ಎಂದು 2018ರಲ್ಲಿ ವರದಿಯಾದಾಗ ಆ ಕ್ಷೇತ್ರವೆಲ್ಲ ಅದರತ್ತ ತಿರುಗಿತು. ಬೇರೆ ತಂಡಗಳು ಅದೇ ಪದರವನ್ನು ಬೆಳೆಸಿ, ವೆನೇಡಿಯಂ ಪರಮಾಣುಗಳನ್ನಷ್ಟೇ ಗುರಿಯಾಗಿಸುವ ಎಕ್ಸ್-ಕಿರಣಗಳಿಂದ ಪರೀಕ್ಷಿಸಿದಾಗ ಕಾಂತೀಯ ಸಂಕೇತ ಸಿಗಲಿಲ್ಲ. ಎಲೆಕ್ಟ್ರಾನುಗಳ ಶಕ್ತಿಮಟ್ಟಗಳು ಸ್ಪಿನ್‌ಗೆ ಅನುಗುಣವಾಗಿ ಎರಡಾಗಿ ಸೀಳಬೇಕಿತ್ತು, ಸೀಳಿರಲಿಲ್ಲ. ಅಲ್ಲಿ ಕಂಡದ್ದು ಎಲೆಕ್ಟ್ರಾನುಗಳ ಸಾಂದ್ರತೆ ಅಲೆಯಾಗಿ ಹೆಪ್ಪುಗಟ್ಟುವ ಬೇರೆಯದೇ ಕ್ರಮ, ಅದು ಫೆರೋಕಾಂತತ್ವಕ್ಕೆ ಅಡ್ಡಿ. ಇದನ್ನು ವಿಜ್ಞಾನದ ಸೋಲೆಂದು ನಾನು ಎಣಿಸುವುದಿಲ್ಲ. ಪರೀಕ್ಷೆ ಕೆಲವೇ ತಿಂಗಳುಗಳಲ್ಲಿ ಆರಂಭವಾಯಿತು ಎಂಬುದು ಮೆಚ್ಚಬೇಕಾದದ್ದು. ಆದರೆ ಮೊದಲ ವರದಿಯನ್ನು ಹಂಚಿದಷ್ಟು ಉತ್ಸಾಹದಲ್ಲಿ ನಂತರದ ಫಲಿತಾಂಶಗಳನ್ನು ಯಾರೂ ಹಂಚಲಿಲ್ಲ, ಈಗಲೂ ಎಷ್ಟೋ ಪಟ್ಟಿಗಳಲ್ಲಿ ಆ ಪದಾರ್ಥದ ಹೆಸರು ಕೋಣೆಯ ತಾಪಮಾನದ ಕಾಂತವೆಂದೇ ಉಳಿದಿದೆ.

ನಂಬಲರ್ಹ ಅಳತೆಗಳು ಆ ಚೂರನ್ನೇ, ಅದೊಂದನ್ನೇ ನೋಡುತ್ತವೆ. ಕೆರ್ ಪರಿಣಾಮದಲ್ಲಿ ಲೇಸರ್ ಬೆಳಕನ್ನು ಚೂರಿನ ಒಂದು ಬಿಂದುವಿನ ಮೇಲೆ ಬೀಳಿಸಿ, ಪ್ರತಿಫಲಿಸಿದ ಬೆಳಕಿನ ಧ್ರುವೀಕರಣ ಎಷ್ಟು ತಿರುಗಿತೆಂದು ಅಳೆಯುತ್ತಾರೆ. 2017ರ ಎರಡೂ ಪ್ರಯೋಗಗಳು ನಿಂತಿದ್ದು ಇದರ ಮೇಲೆ. ಅದಕ್ಕಿಂತ ಸೂಕ್ಷ್ಮವಾದದ್ದು ವಜ್ರದೊಳಗಿನ ನೈಟ್ರೋಜನ್ ದೋಷವೊಂದನ್ನು ಮೊನೆಯ ತುದಿಯಲ್ಲಿಟ್ಟು ಚೂರಿನ ಮೇಲೆ ಹಾಯಿಸುವ ವಿಧಾನ. ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ 2019ರಲ್ಲಿ ಹೀಗೆ ಅಳೆದಾಗ ಕ್ರೋಮಿಯಂ ಟ್ರೈ ಅಯೋಡೈಡಿನ ಬೆಸ ಸಂಖ್ಯೆಯ ಪದರಗಳಲ್ಲಿ ಸರಿಯಾಗಿ ಒಂದು ಪದರಕ್ಕೆ ತಕ್ಕಷ್ಟು ಕಾಂತೀಕರಣವೂ ಸಮ ಸಂಖ್ಯೆಯವುಗಳಲ್ಲಿ ಸೊನ್ನೆಯೂ ಸಿಕ್ಕಿತು.

ಈಗ ತಾಪಮಾನಕ್ಕೆ ಮರಳಬಹುದು. ಕಬ್ಬಿಣ ಹೆಚ್ಚಿರುವ ಟೆಲ್ಯುರೈಡುಗಳು ಲೋಹಗಳಾದ್ದರಿಂದ ಅಲ್ಲಿ ವಿನಿಮಯಕ್ಕೆ ಓಡಾಡುವ ಎಲೆಕ್ಟ್ರಾನುಗಳೂ ನೆರವಾಗುತ್ತವೆ. ಕಬ್ಬಿಣ-ಜರ್ಮೇನಿಯಂ ಟೆಲ್ಯುರೈಡಿನ ದಪ್ಪ ಹರಳು ಸುಮಾರು 220 ಕೆಲ್ವಿನ್‌ವರೆಗೆ ಕಾಂತ. ತೆಳುವಾದಂತೆ ಅದು ಇಳಿಯುತ್ತದೆ. ಶಾಂಘೈನ ಫುದಾನ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಲಿಥಿಯಂ ಅಯಾನುಗಳ ದ್ವಾರದ ಮೂಲಕ ಕೆಲವೇ ಪದರಗಳ ಮಾದರಿಗೆ ಎಲೆಕ್ಟ್ರಾನುಗಳನ್ನು ತುಂಬಿ ಕ್ಯೂರಿ ತಾಪಮಾನವನ್ನು ಕೋಣೆಯ ತಾಪಮಾನಕ್ಕೇರಿಸಿತು. ಜರ್ಮೇನಿಯಂ ಜಾಗಕ್ಕೆ ಗ್ಯಾಲಿಯಂ ತಂದು 2022ರಲ್ಲಿ ವುಹಾನ್‌ನ ಸಂಶೋಧಕರು ಬೆಳೆಸಿದ ಹರಳೇ ಆರಂಭದಲ್ಲಿ ಹೇಳಿದ 350ರಿಂದ 380 ಕೆಲ್ವಿನ್‌ನದು, ಅದರ ಸ್ಪಿನ್‌ಗಳು ಪದರಕ್ಕೆ ಲಂಬವಾಗಿ ಗಟ್ಟಿಯಾಗಿ ನಿಲ್ಲುತ್ತವೆ ಎಂಬುದು ಇನ್ನೊಂದು ಒಳ್ಳೆಯ ಗುಣ. ಈ ಕುಟುಂಬದ ಹರಳುಗಳಲ್ಲಿ ಕಬ್ಬಿಣದ ಪರಮಾಣುಗಳು ಅಲ್ಲಲ್ಲಿ ಕಾಣೆಯಾಗಿರುವುದು ಸಾಮಾನ್ಯ. ಆ ಕೊರತೆ ಸ್ವಲ್ಪ ಹೆಚ್ಚು ಕಡಿಮೆಯಾದರೂ ಕ್ಯೂರಿ ತಾಪಮಾನ ಸರಿಯುತ್ತದೆ. ಎರಡು ಪ್ರಯೋಗಾಲಯಗಳ ಸಂಖ್ಯೆಗಳು ಹೊಂದದಿದ್ದರೆ ಇಬ್ಬರೂ ಸರಿಯಾಗಿರಲು ಸಾಧ್ಯ.

350 ಕೆಲ್ವಿನ್ ಎಂದರೆ 77 ಡಿಗ್ರಿ ಸೆಲ್ಸಿಯಸ್. ದುಡಿಯುತ್ತಿರುವ ಪ್ರೊಸೆಸರ್ ಚಿಪ್ ಇದಕ್ಕಿಂತ ಬಿಸಿಯಾಗುವುದು ದಿನನಿತ್ಯದ ಸಂಗತಿ. ಕ್ಯೂರಿ ತಾಪಮಾನದಲ್ಲಿ ಕಾಂತೀಕರಣ ಸೊನ್ನೆಯಾಗುತ್ತದೆ. ಕೆಲಸಕ್ಕೆ ಬರುವಷ್ಟು ಉಳಿಯಬೇಕಾದರೆ ಅದಕ್ಕಿಂತ ಬಹಳ ಕೆಳಗಿರಬೇಕು. ಕಬ್ಬಿಣದ ಕ್ಯೂರಿ ತಾಪಮಾನ 1043 ಕೆಲ್ವಿನ್. ಮೇಲಾಗಿ ಚಿಪ್‌ಗಳನ್ನು ತಯಾರಿಸುವಾಗ ಕಾಂತೀಯ ಪೊರೆಗಳು ಸುಮಾರು 400 ಡಿಗ್ರಿ ಸೆಲ್ಸಿಯಸ್‌ನ ಬಿಸಿಯನ್ನು ಕೆಡದೆ ತಾಳಬೇಕಾಗುತ್ತದೆ. ಸ್ಮೃತಿಕೋಶವೊಂದು ಹತ್ತು ವರ್ಷ ಮಾಹಿತಿ ಉಳಿಸಿಕೊಳ್ಳಬೇಕಾದರೆ ಅದರ ಕಾಂತೀಕರಣ ತಿರುಗದಂತೆ ತಡೆಯುವ ಶಕ್ತಿಯ ಗೋಡೆ ಉಷ್ಣಶಕ್ತಿಯ ಸುಮಾರು 60 ಪಟ್ಟು ಇರಬೇಕೆಂಬುದು ಉದ್ಯಮದಲ್ಲಿ ಬಳಕೆಯ ಲೆಕ್ಕ. ಆ ಗೋಡೆ ಕಾಂತದ ಗಾತ್ರಕ್ಕೆ ಅನುಪಾತದಲ್ಲಿರುವುದರಿಂದ ಪದರ ತೆಳುವಾದಷ್ಟೂ ಪ್ರತಿ ಪರಮಾಣುವಿನ ಅನೈಸೊಟ್ರಪಿ ಹೆಚ್ಚಾಗಿರಬೇಕು. ಇಲ್ಲಿ ತೆಳುತನವೇ ಒಂದು ತೊಡಕು.

ಎದುರಾಳಿಯೂ ಸಾಮಾನ್ಯವಾದುದಲ್ಲ. ಕೋಬಾಲ್ಟ್, ಕಬ್ಬಿಣ, ಬೋರಾನ್‌ಗಳ ಮಿಶ್ರಲೋಹವನ್ನು ಮೆಗ್ನೀಸಿಯಂ ಆಕ್ಸೈಡಿನ ಜೊತೆ ಬಳಸುವ ಕಾಂತೀಯ ಸ್ಮೃತಿಗಳು ಈಗಾಗಲೇ ಮಾರುಕಟ್ಟೆಯಲ್ಲಿವೆ, ಮತ್ತು ಅವುಗಳ ದಾರಿ ತೆರೆದ 2010ರ ಪ್ರಯೋಗದಲ್ಲೇ ಕಾಂತೀಯ ಪೊರೆಯ ದಪ್ಪ 1.3 ನ್ಯಾನೊಮೀಟರ್ ಮಾತ್ರ ಇತ್ತು, ಅಂದರೆ ಕ್ರೋಮಿಯಂ ಟ್ರೈ ಅಯೋಡೈಡಿನ ಎರಡು ಪದರದಷ್ಟು. ಅದೇ ಬಗೆಯ ಪದಾರ್ಥಗಳ ರಚನೆಯಲ್ಲಿ ಕೋಣೆಯ ತಾಪಮಾನದ ಸುರಂಗ ಕಾಂತರೋಧ (ಮೇಲೆ ಹೇಳಿದ ಎರಡು ಸ್ಥಿತಿಗಳ ರೋಧದ ವ್ಯತ್ಯಾಸ) 2008ರಲ್ಲೇ ಶೇ. 604 ತಲುಪಿತ್ತು. ಕಬ್ಬಿಣ-ಗ್ಯಾಲಿಯಂ ಟೆಲ್ಯುರೈಡಿನ ಎರಡು ಹಾಳೆಗಳ ನಡುವೆ ಟಂಗ್‌ಸ್ಟನ್ ಡೈಸೆಲೆನೈಡನ್ನು ಇರಿಸಿದ 2022ರ ಮಾದರಿಯಲ್ಲಿ ಅದು ಕೋಣೆಯ ತಾಪಮಾನದಲ್ಲಿ ಶೇ. 85. ಆರಂಭದ ಪ್ರಯತ್ನಕ್ಕೆ ಇದು ಶ್ಲಾಘನೀಯ, ಆದರೆ ಬರೀ ತೆಳುತನದ ಹೆಸರಿನಲ್ಲಿ ಈ ಪದಾರ್ಥಗಳು ಹಳೆಯ ಮಿಶ್ರಲೋಹಗಳನ್ನು ಸ್ಥಳಾಂತರಿಸುತ್ತವೆ ಎಂದು ವಾದಿಸಲು ಇದು ಆಧಾರವಾಗುವುದಿಲ್ಲ.

ಗಾಳಿಯ ತೇವವೂ ಒಂದು ಶತ್ರು. ಕ್ರೋಮಿಯಂ ಟ್ರೈ ಅಯೋಡೈಡಿನ ತೆಳು ಚೂರು ತೆರೆದ ಗಾಳಿಯಲ್ಲಿ ನಿಮಿಷಗಳಲ್ಲೇ ಹಾಳಾಗುತ್ತದೆ. ಅದನ್ನು ಜಡ ಅನಿಲ ತುಂಬಿದ ಪೆಟ್ಟಿಗೆಯಲ್ಲೇ ಬಿಡಿಸಿ ಬೋರಾನ್ ನೈಟ್ರೈಡಿನ ಹಾಳೆಗಳ ನಡುವೆ ಮುಚ್ಚಬೇಕು. ಈ ದೃಷ್ಟಿಯಿಂದ ನನಗೆ ಹೆಚ್ಚು ಭರವಸೆ ಹುಟ್ಟಿಸುವುದು ಕ್ರೋಮಿಯಂ ಸಲ್ಫೈಡ್ ಬ್ರೋಮೈಡ್. ಅದು ಗಾಳಿಯಲ್ಲಿ ಕೆಡುವುದಿಲ್ಲ, ಒಂಟಿ ಪದರವಾಗಿ 146 ಕೆಲ್ವಿನ್‌ವರೆಗೆ ಫೆರೋಕಾಂತವಾಗಿರುತ್ತದೆ, ಜೊತೆಗೆ ಅದು ಅರೆವಾಹಕ. ಅದರ ಪದರಗಳು ಒಂದೇ ದಿಕ್ಕಿಗಿದ್ದಾಗ ಮತ್ತು ಎದುರು ದಿಕ್ಕಿಗಿದ್ದಾಗ ಅದು ಹೀರಿ ಹೊರಸೂಸುವ ಬೆಳಕಿನ ಶಕ್ತಿ ಬದಲಾಗುತ್ತದೆ, ಅಂದರೆ ಕಾಂತೀಯ ಸ್ಥಿತಿಯನ್ನು ಬೆಳಕಿನ ಬಣ್ಣದಲ್ಲೇ ಓದಬಹುದು. ಕೋಬಾಲ್ಟ್ ಮಿಶ್ರಲೋಹ ಎಷ್ಟೇ ಬಿಸಿ ತಾಳಿದರೂ ಇದನ್ನು ಮಾಡಲಾರದು.

ಸ್ಪಿನ್‌ಗಳು ಲಂಬವಾಗಿ ನಿಲ್ಲದೆ ಪದರದ ಸಮತಲದಲ್ಲಿ ಯಾವ ಕಡೆಗಾದರೂ ತಿರುಗಬಲ್ಲ ಪದಾರ್ಥಗಳಲ್ಲಿ ಹಳೆಯ ಪ್ರಮೇಯ ಇನ್ನೂ ಕಾಡುತ್ತದೆ. ನಿಕ್ಕಲ್, ರಂಜಕ, ಗಂಧಕಗಳ ಸಂಯುಕ್ತ ದಪ್ಪವಾಗಿದ್ದಾಗ 155 ಕೆಲ್ವಿನ್‌ವರೆಗೆ ಆಂಟಿಫೆರೋಕಾಂತೀಯ. ಅದರ ಒಂಟಿ ಪದರದಲ್ಲಿ ಆ ಕ್ರಮ ಅಡಗಿಹೋಗುತ್ತದೆಂದು 2019ರ ರಾಮನ್ ಅಧ್ಯಯನ ಕಂಡಿತು. ಕಬ್ಬಿಣವಿದ್ದ ಸೋದರ ಸಂಯುಕ್ತದಲ್ಲಿ ಉಳಿದದ್ದು ನಿಕ್ಕಲ್ ಬಂದೊಡನೆ ಅಳಿಯುವುದು ಅನೈಸೊಟ್ರಪಿಯ ಪಾತ್ರಕ್ಕೆ ಒಳ್ಳೆಯ ಸಾಕ್ಷ್ಯ. ಆದರೆ 2021ರಲ್ಲಿ ಗ್ರಾಫೀನ್ ಮೇಲೆ ಬೆಳೆಸಿದ ಕ್ರೋಮಿಯಂ ಟ್ರೈಕ್ಲೋರೈಡಿನ ಒಂಟಿ ಪದರ ಸಮತಲದಲ್ಲಿ ತಿರುಗಬಲ್ಲ ಸ್ಪಿನ್‌ಗಳಿದ್ದೂ ಸುಮಾರು 13 ಕೆಲ್ವಿನ್ ಕೆಳಗೆ ಫೆರೋಕಾಂತದಂತೆ ವರ್ತಿಸಿತು. ಪ್ರಮೇಯ ಅನಂತ ವಿಸ್ತಾರದ ಪದರದ ಬಗ್ಗೆ ಮಾತಾಡುತ್ತದೆ, ಪ್ರಯೋಗಾಲಯದ ಚೂರಿಗೆ ಅಂಚಿದೆ. ಅಲೆಗಳ ಹಾವಳಿ ಲಾಗರಿದಮ್ ಗತಿಯಲ್ಲಿ ಬೆಳೆಯುವುದರಿಂದ, ಕೈಗೆ ಸಿಗುವ ಗಾತ್ರದ ಚೂರಿನಲ್ಲಿ ಅದು ಕ್ರಮವನ್ನು ಪೂರ್ತಿ ಅಳಿಸುವಷ್ಟು ಬೆಳೆಯದೆಯೂ ಇರಬಹುದು ಎಂದು 2022ರ ಗಣಕ ಲೆಕ್ಕಾಚಾರಗಳು ಸೂಚಿಸಿವೆ.

ಪದರಗಳ ಜೋಡಣೆಯೇ ವಿನಿಮಯದ ಚಿಹ್ನೆಯನ್ನು ನಿರ್ಧರಿಸುತ್ತದೆ ಎಂದು ತಿಳಿದ ಮೇಲೆ ಮುಂದಿನ ಹೆಜ್ಜೆ ಸಹಜವಾಗಿತ್ತು: ಒಂದು ಪದರವನ್ನು ಇನ್ನೊಂದರ ಮೇಲೆ ಸ್ವಲ್ಪ ತಿರುಚಿ ಇಡುವುದು. ಗ್ರಾಫೀನಿನ ಎರಡು ಹಾಳೆಗಳನ್ನು ಸುಮಾರು 1.1 ಡಿಗ್ರಿ ತಿರುಚಿದಾಗ, ಯಾವ ಕಾಂತೀಯ ಧಾತುವೂ ಇಲ್ಲದೆ, ಎಲೆಕ್ಟ್ರಾನುಗಳ ಕಕ್ಷೀಯ ಚಲನೆಯಿಂದಲೇ ಫೆರೋಕಾಂತತ್ವ ಹುಟ್ಟುವುದು 2019ರಲ್ಲಿ ಕಂಡಿತ್ತು. ಇದು ಕೆಲವೇ ಕೆಲ್ವಿನ್‌ಗಳಷ್ಟು ತಂಪಿನಲ್ಲಿ ಮಾತ್ರ ನಡೆಯುತ್ತದೆ, ಕಲ್ಮಶದ ಕಣಗಳು ತಂದ ಹಳೆಯ ಸಂಕೇತಗಳಿಗೂ ಇದಕ್ಕೂ ಸಂಬಂಧವಿಲ್ಲ. ಕ್ರೋಮಿಯಂ ಟ್ರೈ ಅಯೋಡೈಡನ್ನು ತಿರುಚಿದರೆ ಪದರಗಳ ಜೋಡಣೆ ಜಾಗದಿಂದ ಜಾಗಕ್ಕೆ ನಿಯತವಾಗಿ ಬದಲಾಗುತ್ತ, ಕೆಲವು ನ್ಯಾನೊಮೀಟರ್‌ಗಳಲ್ಲಿ ಫೆರೋಕಾಂತೀಯವೂ ಅದರ ಪಕ್ಕದಲ್ಲೇ ಆಂಟಿಫೆರೋಕಾಂತೀಯವೂ ಆಗುತ್ತದೆ. 2021ರಲ್ಲಿ ವಜ್ರದ ದೋಷಗಳನ್ನು ಬಳಸುವ ಅಳತೆಯಲ್ಲಿ ಈ ಎರಡೂ ಬಗೆಯ ಪ್ರದೇಶಗಳು ಒಂದೇ ಚೂರಿನಲ್ಲಿ ಒಟ್ಟಿಗೆ ಇರುವುದು ಚಿತ್ರವಾಗಿ ಮೂಡಿತು. ಆ ಎರಡು ಪ್ರದೇಶಗಳ ಗಡಿಯಲ್ಲಿ ಸ್ಪಿನ್‌ಗಳು ಮೇಲಕ್ಕೂ ಅಲ್ಲದೆ ಕೆಳಕ್ಕೂ ಅಲ್ಲದೆ ಓರೆಯಾಗಿ ಸುತ್ತಬೇಕಾಗುತ್ತದೆ, ಆ ಸುತ್ತಿನ ಆಕಾರವನ್ನು ತಿರುಚಿದ ಕೋನದಿಂದ ಆರಿಸಿ ವೋಲ್ಟೇಜಿನಿಂದ ಬದಲಿಸಲು ಸಾಧ್ಯವೇ ಎಂಬುದು ಈಗ ಹಲವು ಪ್ರಯೋಗಾಲಯಗಳು ಹಿಡಿದಿರುವ ಕೆಲಸ. ಅದಕ್ಕೆ ಬೇಕಾದ ತಂಪು ಇನ್ನೂ ದ್ರವ ಹೀಲಿಯಮ್ಮಿನದೇ. ಅದೇ ಜಾರುವ, ತಿರುಚುವ ಉಪಾಯಗಳನ್ನು ಕ್ರೋಮಿಯಂ ಸಲ್ಫೈಡ್ ಬ್ರೋಮೈಡಿನಂಥ ಗಟ್ಟಿ ಪದರಗಳಿಗೆ ತಂದರೆ ದ್ರವ ನೈಟ್ರೋಜನ್‌ನ 77 ಕೆಲ್ವಿನ್ ಸಾಕಾಗುತ್ತದೆ.